ಸೆಕೆಂಡ್ ಹ್ಯಾಂಡ್ ಬಿಸಿಲು

ಕಂಪನಿಯವನು ಬಂದು ಟೇಪು ಹಿಡಿದು
ಮೂವತ್ತೆಂಟು ಸಾವಿರ ಡಾಲರ್ ಅಂದ,
ಅದೂ ಹೀಟರಿಲ್ಲದೆ.
'ಥ್ರೀ ಸೀಸನ್ ರೂಮು ಮೇಡಂ,
ಚಳಿಗಾಲವೊಂದು ಬಿಟ್ಟು ಮಿಕ್ಕಿದ್ದೆಲ್ಲ ನಿಮ್ಮದು.'
ನನಗೆ ಗೊತ್ತಿರುವ ಋತುಗಳು ಆರು.
ಯಾವ ಮೂರು ಕೊಡುತ್ತೀಯಪ್ಪ ಎಂದು ಕೇಳೋಣವೆಂದರೆ
ಅವನಾಗಲೇ ಬ್ರೋಷರು ಮಡಿಸಿ
ಅಡುಗೆಮನೆಯ ಹರಿದ ಲಿನೋಲಿಯಂ ನೋಡಿ
ಇವರು ಗಿರಾಕಿಯಲ್ಲ ಎಂದು ತಿಳಿದುಕೊಂಡಿದ್ದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ.
ಮದುವೆಯನ್ನು ಎರಡು ಸಲ ನೋಡಿದ್ದೇನೆ.
ಉಳಿದದ್ದು ಮನೆ;
ಅದರಲ್ಲೂ ಮನೆಯ ಹಿಂದಿನ
ಹತ್ತಡಿ ಹನ್ನೆರಡಡಿ ಬಿರುಕು ಸಿಮೆಂಟು.
ಎರಡನೆಯ ಗಂಡನ ಹೆಸರು ತ್ರಿವಿಕ್ರಮ.
ಚಪ್ಪಲಿ ಕಾಲಲ್ಲೇ ಅಳೆದ:
ಮೂರು ಹೆಜ್ಜೆಗೆ ಜಾಗ ಮುಗಿದು
ನಾಲ್ಕನೆಯದು ಪಕ್ಕದವರ ಬೇಲಿಗೆ ತಾಗಿತು.

ಈರಿ ಪಟ್ಟಣದಲ್ಲಿ ಸೂರ್ಯ ಗುತ್ತಿಗೆ ನೌಕರ,
ಬಂದರೆ ಬಂದ.
ಆಚೆ ದಡ ಕಾಣದ ನೀರನ್ನು ಇಲ್ಲಿ ಕೆರೆ ಎನ್ನುತ್ತಾರೆ,
ಅದು ಅಕ್ಟೋಬರಿಗೇ ಮೋಡ ಕಾಸಲು ಕೂರುತ್ತದೆ.
ನಾನೋ, ಆಸ್ಪತ್ರೆಯ ಲ್ಯಾಬಿನಲ್ಲಿ
ಹತ್ತೊಂಬತ್ತು ವರ್ಷ ರಾತ್ರಿ ಪಾಳಿ.
ಊರವರೆಲ್ಲರ ರಕ್ತ ಗೊತ್ತು, ಮುಖ ಗೊತ್ತಿಲ್ಲ.
ಹೋದ ವರ್ಷ ನನ್ನದೇ ರಕ್ತ ಇಟ್ಟು ನೋಡಿದರೆ
ವಿಟಮಿನ್ ಡಿ ಹನ್ನೊಂದು.
ಡಾಕ್ಟರು ಗುಳಿಗೆ ಬರೆದರು.
ನಾನು ಕಿಟಕಿ ಬರೆದುಕೊಂಡೆ.
ಗಾಜು ದಾಟಿ ಬರುವ ಬಿಸಿಲಲ್ಲಿ ಡಿ ಇರುವುದಿಲ್ಲ,
ಗೊತ್ತು, ಲ್ಯಾಬಿನವಳು ನಾನೇ.
ಬಿಸಿಲಾದರೂ ಇರುತ್ತದಲ್ಲ.

ಕೆಡವಿದ ಮನೆಗಳ ಸಾಮಾನು ಮಾರುವ ಗೋದಾಮಿನಲ್ಲಿ
ಹನ್ನೊಂದು ಕಿಟಕಿ, ಒಂದರ ಎತ್ತರ ಇನ್ನೊಂದಕ್ಕಿಲ್ಲ,
ಒಟ್ಟು ನಾನೂರ ಹತ್ತು ಡಾಲರು.
ರೈಲು ಎಂಜಿನ್ ಕಾರ್ಖಾನೆಯಿಂದ ನಿವೃತ್ತನಾದ ವಾಲ್ಟ್ ನೊವಿಕಿ
ಅವನ್ನು ಹುಲ್ಲಿನ ಮೇಲೆ ಮಲಗಿಸಿ
ಗ್ರೂಪ್ ಫೋಟೋಗೆ ಮಕ್ಕಳನ್ನು ನಿಲ್ಲಿಸುವವನ ಹಾಗೆ
ಅರ್ಧ ದಿನ ಹಿಂದೆ ಮುಂದೆ ಮಾಡಿದ.
ಇಲ್ಲಿ ಚಳಿ ನೆಲದೊಳಕ್ಕೆ ಮೂರೂವರೆ ಅಡಿ ಇಳಿಯುತ್ತದಂತೆ,
ಅದಕ್ಕಿಂತ ಆಳಕ್ಕೆ ಹೋಗಬೇಕಂತೆ ಕಂಬದ ಕಾಲು.
ತ್ರಿವಿಕ್ರಮ ಅಗೆದ. ಪರ್ಮಿಟ್ಟಿಗೆ ಅಲೆದ. ಬೆನ್ನು ಹಿಡಿದು ಮಲಗಿದ.
ಎಲ್ಲ ಸೇರಿ ಆರೂವರೆ ಸಾವಿರ.
ಒಂದು ಮೂಲೆ ಇವತ್ತಿಗೂ ಸೋರುತ್ತದೆ.
ಕಾಸಿಗೆ ತಕ್ಕ ಕಜ್ಜಾಯ;
ಕೆಳಗೊಂದು ಕೊಳಗ ಇಟ್ಟಿದ್ದೇವೆ.

ಮೇ ತಿಂಗಳ ಬೆಳಗ್ಗೆ ಪಾಳಿ ಮುಗಿಸಿ ಬಂದವಳು
ಶೂ ಬಿಚ್ಚದೆ ಅಲ್ಲೇ ಕೂತೆ.
ಮೊಣಕಾಲ ಮೇಲೆ ಹನ್ನೊಂದು ಅಳತೆಯ ಬಿಸಿಲು.
ಜುಲೈಯಲ್ಲಿ ಅರಳು ಸಂಡಿಗೆ ಇಟ್ಟೆ.
ಕಾಗೆಗಳು ಗಾಜಿನಾಚೆ ನಿಂತು
ತಲೆ ವಾರೆ ಮಾಡಿ ನೋಡಿ, ಹೋದವು.
ಇಡ್ಲಿ ಹಿಟ್ಟು ನಾಲ್ಕು ಗಂಟೆಗೇ ಉಕ್ಕಿ
ನೆಲಕ್ಕಿಳಿದು ಬಾಗಿಲ ತನಕ ಬಂತು.
ಅಕ್ಟೋಬರಿಗೆ ಎರಡು ಸ್ವೆಟರು.
ನವೆಂಬರಿಗೆ ಬಾಗಿಲೆಳೆದು
ಹೊಸ್ತಿಲಿಗೆ ಹಳೇ ಕಂಬಳಿ ಸುರುಳಿ ಸುತ್ತಿ ಒತ್ತಿ
ಕರಾರಿನಂತೆ ಬಿಟ್ಟುಕೊಟ್ಟೆವು.

ಜನವರಿ. ಫ್ರಿಜ್ಜು ತುಂಬಿತ್ತೆಂದು
ಕುದಿಯುವ ಸಾರಿನ ಪಾತ್ರೆ ಅಲ್ಲಿಟ್ಟು ಡ್ಯೂಟಿಗೆ ಹೋಗಿದ್ದೆ.
ಬಂದು ಬಾಗಿಲು ತೆಗೆದರೆ
ಹಬೆಯೆಲ್ಲ ಗಾಜಿಗೆ ಹತ್ತಿ ಹೆಪ್ಪುಗಟ್ಟಿದೆ.
ಎಡಗಡೆಯ ಚಿಕ್ಕ ಕಿಟಕಿಯಲ್ಲಿ ಮಾತ್ರ
ಎಲೆಯಲ್ಲ, ಬಳ್ಳಿಯಲ್ಲ, ಅಕ್ಷರ.
ಡೊರೀನ್.
ಯಾವಳೋ ಹುಡುಗಿ ಎಂದೋ
ಉಂಗುರದ ಹರಳಲ್ಲಿ ಗೀರಿದ್ದು.
ಕೊನೆಯ ಅಕ್ಷರ ಜಾರಿ ಚೌಕಟ್ಟಿನ ತನಕ ಹೋಗಿದೆ,
ಯಾರೋ ಕೂಗಿ ಕರೆದಿರಬೇಕು.
ಮೂರು ಋತು ಇದೇ ಕೈಯಲ್ಲಿ ಒರೆಸಿದ್ದೇನೆ ಆ ಗಾಜನ್ನು,
ಕಂಡಿರಲಿಲ್ಲ.
ಗೀರಿದ್ದರ ಮೇಲೆಯೇ ಮಂಜು ಮೊದಲು ಕೂರುತ್ತದೆ
ಎಂದು ವಾಲ್ಟ್ ಆಮೇಲೆ ಹೇಳಿದ.

ಕೋಟು ಹಾಕಿಕೊಂಡೇ ಕೂತೆ.
ಎಂಟರ ಹೊತ್ತಿಗೆ ಗುತ್ತಿಗೆ ನೌಕರ ಬಂದ.
ಸಾರಿನ ಮೇಲೆ ತುಪ್ಪ ಬಿಳೀ ಬಿಲ್ಲೆಯಾಗಿತ್ತು.
ಒಳಗಿನಿಂದ ತ್ರಿವಿಕ್ರಮ:
'ಬಾಗಿಲು ಹಾಕೇ ಮಾರಾಯ್ತಿ, ಗ್ಯಾಸ್ ಬಿಲ್ಲು!'
ಎದ್ದು ಹಾಕಿದೆ,
ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತೆ.